ಅಂಗಳಕ್ಕೆ ನೀರು ಹಾಕುವ ಕೈ

ನಮ್ಮೂರಿನಲ್ಲಿ ಫ್ರಿಸ್ಬೀ ಹಿಡಿಯುವ ನಾಯಿ ಒಂದೇ ಒಂದು ಇದೆ. ಅದು ನಮ್ಮದು. ಅದಕ್ಕೆ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುವಷ್ಟು ತಾಳ್ಮೆ ನನಗೆ ಹುಟ್ಟಿನಿಂದಲೂ ಇಲ್ಲ.

ತಾಳ್ಮೆ ಇಲ್ಲದಿದ್ದರೂ ಗುರಿ ಇದೆ. ನನ್ನ ತವರು ಸಾಸಲಿನ ಕಡೆ. ಹುಡುಗಿಯಾಗಿದ್ದಾಗ ಜೋಳದ ಹೊಲದ ಅಟ್ಟಣೆ ಹತ್ತಿ, ಕವಣೆಯಲ್ಲಿ ಕಲ್ಲು ಬೀಸಿ ಗಿಳಿ ಓಡಿಸುವ ಕೆಲಸ ನನ್ನ ಪಾಲಿನದು. ಅಣ್ಣಂದಿರ ಕಲ್ಲು ಹೊಲದ ಬದುವಿಗೆ ಬಿದ್ದರೆ ನನ್ನದು ಬದು ದಾಟಿ ಪಕ್ಕದವರ ಹುಣಸೆಮರಕ್ಕೆ ತಾಗುತ್ತಿತ್ತು. ಮದುವೆಯಾಗಿ ಕುಂದಾಣದ ಕಡೆಯ ಈ ಊರಿಗೆ ಬಂದ ಮೇಲೆ ಕವಣೆ ಬಿಟ್ಟೆ, ಗುರಿ ಬಿಡಲಿಲ್ಲ. ಹಿತ್ತಲಿನ ಸೀಬೆಮರಕ್ಕೆ ಕೋತಿ ಬಂದರೆ ಇವತ್ತಿಗೂ ಅಕ್ಕಪಕ್ಕದವರು ನನ್ನನ್ನೇ ಕೂಗುತ್ತಾರೆ.

ಈ ಗುರಿಯ ರುಚಿಯನ್ನು ನಮ್ಮ ನಾಯಿಯೂ ಉಂಡಿದೆ. ಎರಡು ವರ್ಷದ ಹಿಂದೆ, ಇನ್ನೂ ಮರಿಯೂ ಅಲ್ಲದ ದೊಡ್ಡದೂ ಅಲ್ಲದ ವಯಸ್ಸಿನಲ್ಲಿ, ಎಲ್ಲಿಂದಲೋ ಬಂದು ಕೊಟ್ಟಿಗೆಯಲ್ಲಿಟ್ಟಿದ್ದ ಹಾಲಿನ ಪಾತ್ರೆಗೆ ಬಾಯಿ ಹಾಕಿತು. ಆಗತಾನೆ ಕರೆದ ಹಾಲು. ನನಗೆ ಕೋಪ ನೆತ್ತಿಗೇರಿತು. ಕೈಗೆ ಸಿಕ್ಕ ಕಲ್ಲು ಬೀಸಿದೆ. ಓಡುತ್ತಿದ್ದ ನಾಯಿಯ ಬಲಗಿವಿಯ ತುದಿ ಹರಿದು ಹೋಯಿತು. ಅದು ದೂರವೇನೂ ಓಡಲಿಲ್ಲ, ನಮ್ಮದೇ ಹುಲ್ಲಿನ ಬಣವೆಯ ಕೆಳಗೆ ನುಗ್ಗಿ ಮೂರು ದಿನ ಅಲ್ಲೇ ಮಲಗಿತ್ತು. ಮೂರನೆಯ ದಿನ ತಡೆಯಲಾರದೆ ಅರಿಶಿನ ಕಲಸಿಕೊಂಡು ಹೋಗಿ ಹಚ್ಚಿದೆ, ಒಂದು ಮುದ್ದೆ ಇಟ್ಟೆ. ಹೊಡೆದವಳ ಮನೆಯಲ್ಲೇ ಉಳಿದುಬಿಟ್ಟಿತು. ಆ ಕಿವಿಯನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಅದಕ್ಕೆ ಹೆಸರಿಟ್ಟಿಲ್ಲ. ‘ಲೇ’ ಎಂದರೆ ಬರುತ್ತದೆ. ನನ್ನ ಗಂಡ ನನ್ನನ್ನೂ ಹಾಗೆಯೇ ಕರೆಯುವುದರಿಂದ, ಅವರು ಜಗಲಿಯಲ್ಲಿ ನಿಂತು ‘ಲೇ’ ಎಂದರೆ ನಾನೂ ನಾಯಿಯೂ ಒಟ್ಟಿಗೆ ತಿರುಗುತ್ತೇವೆ. ಬೇಗ ಹೋಗುವುದು ನಾಯಿಯೇ.

ಒಳ್ಳೆಯ ನಾಯಿ. ಕೋಳಿ ಮುಟ್ಟುವುದಿಲ್ಲ, ಕರುವಿನ ಜೊತೆ ಮಲಗುತ್ತದೆ. ಅದಕ್ಕಿದ್ದದ್ದು ಒಂದೇ ಚಟ: ಉರುಳುವ ಚಕ್ರ ಕಂಡರೆ ಅಟ್ಟಿಸಿಕೊಂಡು ಹೋಗುವುದು. ಸೈಕಲ್ಲು, ಬೈಕು, ಸ್ಕೂಟರು, ಯಾವುದಾದರೂ ಸರಿ. ಕಚ್ಚುತ್ತಿರಲಿಲ್ಲ, ಚಕ್ರದ ಪಕ್ಕದಲ್ಲೇ ಓಡುತ್ತಾ ಬೊಗಳುತ್ತಿತ್ತು, ಅಷ್ಟೇ. ಬೈಕಿನವರಿಗೆ ‘ಅಷ್ಟೇ’ ಎಂದರೆ ಸಮಾಧಾನವಾಗುತ್ತದೆಯೇ?

ಕಾರ್ತಿಕದ ಒಂದು ಬೆಳಿಗ್ಗೆ, ಹಾಲಿನ ಡೈರಿಗೆ ಎಲ್ಲರೂ ಕ್ಯಾನು ಹಿಡಿದು ಹೋಗುವ ಹೊತ್ತು. ಮೇಲುಬೀದಿಯವಳು ಸ್ಕೂಟರಿನಲ್ಲಿ ಬರುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಐವತ್ತು ದಾಟಿದ ಮೇಲೆ ಯಾರ ಮಾತಿಗೂ ಸೊಪ್ಪು ಹಾಕದೆ ಸ್ಕೂಟರ್ ಕಲಿತವಳು. ಕಾಲ ಬಳಿ ಕ್ಯಾನು ಇಟ್ಟುಕೊಂಡು, ಸೆರಗು ಸಿಕ್ಕಿಸಿಕೊಂಡು, ರಾಣಿಯ ಹಾಗೆ ಬರುತ್ತಿದ್ದಳು. ನಮ್ಮ ನಾಯಿ ಹಾರಿ ಹೋಗಿ ಮುಂದಿನ ಚಕ್ರಕ್ಕೆ ಬೊಗಳಿತು. ಸ್ಕೂಟರ್ ಒಂದು ಕಡೆ, ಕ್ಯಾನು ಒಂದು ಕಡೆ, ಅವಳು ಒಂದು ಕಡೆ. ಹಾಲು ರಸ್ತೆಯ ಉದ್ದಕ್ಕೂ ಹರಿಯಿತು. ಮಂಡಿ ತರಚಿ ರಕ್ತ ಬಂತು.

ಓಡಿಹೋಗಿ ಎಬ್ಬಿಸಿದೆ. ನಮ್ಮ ಕ್ಯಾನಿನ ಹಾಲನ್ನು ಅವಳ ಕ್ಯಾನಿಗೆ ಸುರಿಯಲು ಹೋದರೆ ಕೈ ತಳ್ಳಿದಳು.

“ನಿನ್ ಹಾಲು ಯಾರಿಗ್ ಬೇಕು? ಮೊದ್ಲು ಆ ನಾಯೀನ ಊರಿಂದಾಚೆ ಹಾಕು” ಎಂದಳು.

ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಅದಕ್ಕಿಂತ ನನಗೆ ಚುಚ್ಚಿದ್ದು, ಸ್ಕೂಟರನ್ನೂ ಬಿಟ್ಟಳು. ಮರುದಿನದಿಂದ ಕ್ಯಾನನ್ನು ಸೊಂಟಕ್ಕಿಟ್ಟುಕೊಂಡು, ಸ್ವಲ್ಪ ಕುಂಟುತ್ತಾ, ನಮ್ಮ ಮನೆ ಮುಂದೆಯೇ ನಡೆದು ಹೋಗುತ್ತಿದ್ದಳು. ಡೈರಿಯ ಕಟ್ಟೆಯ ಮೇಲೆ ಪಂಚಾಯ್ತಿ ನಡೆಯಿತು. ನಾಯಿಯನ್ನು ದಾಬಸ್‌ಪೇಟೆಯ ಹೈವೇ ಕಡೆ ಬಿಟ್ಟು ಬಂದರೆ ವಾಪಸ್ ಬರುವುದಿಲ್ಲ, ಅಷ್ಟು ದೂರ ಎಂದು ಒಬ್ಬರು ದಾರಿ ತೋರಿಸಿದರು. ನನ್ನ ಗಂಡ ಒಪ್ಪಿಕೊಂಡು ಬಂದರು.

“ಸಂಕ್ರಾಂತಿ ಕಳೀಲಿ. ತರಕಾರಿ ಟೆಂಪೋ ಆ ಕಡೆ ಹೋಯ್ತದೆ, ಅದ್ರಲ್ಲೇ ಕಳ್ಸಿಬಿಡಾಣ” ಎಂದರು. ಅವರು ಕೆಟ್ಟವರಲ್ಲ. ನಾಯಿಯ ಕಡೆ ನೋಡದೆ ಆ ಮಾತು ಹೇಳಿದರು. ಅವತ್ತಿನಿಂದ ನಾಯಿಯನ್ನು ನಮ್ಮ ಅಂಗಳದ ಮೂಲೆಯ ಹುಣಸೆಮರಕ್ಕೆ ಕಟ್ಟಿ ಹಾಕಿದೆವು. ಲಾರಿಗಳು ಒಂದರ ಹಿಂದೊಂದು ನುಗ್ಗುವ ಆ ಹೈವೇಯಲ್ಲಿ, ಚಕ್ರದ ಚಟದ ನಾಯಿ ಎಷ್ಟು ಹೊತ್ತು ಬದುಕುತ್ತದೆ? ಇದನ್ನು ಬಾಯಿಬಿಟ್ಟು ಕೇಳಿದೆ. ಗಂಡ ಎದ್ದು ಹಸುಗಳಿಗೆ ನೀರಿಡಲು ಹೋದರು.

ರಾಗಿ ಕುಯ್ಲಿನಲ್ಲಿ ಸಿಕ್ಕಿದ್ದು ಆ ಫ್ರಿಸ್ಬೀ. ನಮ್ಮ ಹೊಲದ ಆಚೆ ಬದಿಗೆ ಈಗ ವಿಲ್ಲಾಗಳ ಲೇಔಟ್ ಇದೆ, ನಡುವೆ ತಂತಿಬೇಲಿ. ಬೇಲಿಯಾಚೆ ಹುಲ್ಲಿನ ಮೇಲೆ ಹೊಂಬಣ್ಣದ ದೊಡ್ಡ ನಾಯಿಯೊಂದು ಹಾರುವ ತಟ್ಟೆಯ ಹಿಂದೆ ಓಡಿ ಗಾಳಿಯಲ್ಲೇ ಕಚ್ಚಿ ಹಿಡಿಯುವುದನ್ನು ಕಳೆ ಕೀಳುವಾಗ ಎಷ್ಟೋ ಸಲ ನೋಡಿದ್ದೆ. ಅಂಥದ್ದೇ ಒಂದು ಕಿತ್ತಳೆ ಬಣ್ಣದ ತಟ್ಟೆ ಬೇಲಿ ಹಾರಿ ಬಂದು ರಾಗಿಯ ಬುಡದಲ್ಲಿ ಬಿದ್ದಿತ್ತು. ಕುಡುಗೋಲಿಗೆ ತಗುಲಿ ಟಕ್ ಎಂದಿತು. ಗೇಟಿಗೆ ಹೋಗಿ ವಾಪಸ್ ಕೊಡಲು ನೋಡಿದೆ. ಸೆಕ್ಯುರಿಟಿಯವನು, “ಇದು ಫ್ರಿಸ್ಬೀ ಕಣಕ್ಕ, ಕೇಳ್ಕೊಂಡು ಯಾರೂ ಬಂದಿಲ್ಲ, ನೀವೇ ಇಟ್ಕೊಳಿ” ಎಂದ.

ಮನೆಗೆ ಬರುವಾಗ ದಾರಿಯಲ್ಲೇ ನನಗೆ ಹೊಳೆಯಿತು. ನಮ್ಮ ನಾಯಿಗೆ ಬೇಕಾಗಿರುವುದು ಓಡುವ ಚಕ್ರ ತಾನೆ? ಇದೂ ಚಕ್ರವೇ. ಇದನ್ನು ಅಟ್ಟಿಸಿಕೊಂಡು ಹೋದರೆ ಯಾರೂ ಬೀಳುವುದಿಲ್ಲ, ಯಾರ ಹಾಲೂ ಚೆಲ್ಲುವುದಿಲ್ಲ. ನಾಯಿಯ ಚಟ ಬಿಡಿಸುವುದಕ್ಕಾಗದಿದ್ದರೆ ಅದರ ದಿಕ್ಕನ್ನಾದರೂ ತಿರುಗಿಸಬಹುದು. ಆ ಕ್ಷಣದಲ್ಲಿ ನನ್ನ ಬುದ್ಧಿಯ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು.

ಮೆಚ್ಚುಗೆ ಸಾಯಂಕಾಲದವರೆಗೂ ಉಳಿಯಲಿಲ್ಲ. ನಮ್ಮ ಕಣ ಖಾಲಿ ಬಿದ್ದಿತ್ತು; ಒಕ್ಕಣೆ ಈಗ ಮಿಷನ್ನಿನಲ್ಲಿ, ಕಣ ಬರೀ ಅವರೆಕಾಯಿ ಒಣಗಿಸುವುದಕ್ಕೆ. ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹಗ್ಗ ಬಿಚ್ಚಿ, ತಟ್ಟೆಯನ್ನು ಎಸೆಯಲು ಕೈ ಎತ್ತಿದೆ. ಎತ್ತಿದ್ದೇ ತಡ, ನಾಯಿ ಬಾಲ ಮುದುರಿಕೊಂಡು ಕಾಲಿಗೆ ಬುದ್ಧಿ ಹೇಳಿತು. ನಾನು ಕೂಗಿದಷ್ಟೂ ದೂರ ಹೋಯಿತು.

ನಮ್ಮ ಕಡೆ ನಾಯಿ ಓಡಿಸಲು ಕಲ್ಲೇ ಬೇಕಾಗಿಲ್ಲ. ಬಗ್ಗಿದರೆ ಸಾಕು, ಕೈ ಮೇಲೆತ್ತಿದರೆ ಸಾಕು. ಹುಟ್ಟಿದ ನಾಯಿಗಳೆಲ್ಲ ಅದನ್ನು ಮೊದಲು ಕಲಿಯುತ್ತವೆ. ನಮ್ಮ ನಾಯಿಗೆ ಅದನ್ನು ಕಲಿಸಿದ ಗುರು ನಾನೇ ಅಲ್ಲವೇ? ಹರಿದ ಕಿವಿ ತಲೆಗೆ ಅಂಟಿಸಿಕೊಂಡು ಬಣವೆಯ ಹಿಂದಿನಿಂದ ಇಣುಕುತ್ತಿದ್ದ ಅದನ್ನು ನೋಡಿ ನನಗೆ ಅಳು ಬಂತು. ಕವಣೆ ಬೀಸಿ ಹೊಗಳಿಸಿಕೊಂಡ ಕೈ ಇದೇ.

ಹಾಗಾದರೆ ತಟ್ಟೆಯ ಭಯ ಬಿಡಿಸೋಣ ಎಂದುಕೊಂಡು, ಮರುದಿನದಿಂದ ಅದರ ಮುದ್ದೆಯನ್ನು ಆ ತಟ್ಟೆಯಲ್ಲೇ ಇಟ್ಟೆ. ಇನ್ನೊಂದು ದೊಡ್ಡ ಬುದ್ಧಿವಂತಿಕೆ! ವಾರದಲ್ಲಿ ತಟ್ಟೆ ಕಂಡರೆ ಸಾಕು, ಜೊಲ್ಲು ಸುರಿಸಿಕೊಂಡು ಓಡಿ ಬರುವಂತಾಯಿತು. ಸರಿ, ಕೈ ಎತ್ತದೆ, ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಹಾಕಿದೆ. ನಾಯಿ ಅದರ ಹಿಂದೆಯೇ ಹೋಯಿತು. ಹೋಗಿ, ತಟ್ಟೆಯ ಮುಂದೆ ಅಚ್ಚುಕಟ್ಟಾಗಿ ಕೂತು, ಮುದ್ದೆ ಎಲ್ಲಿ ಎಂದು ನನ್ನ ಮುಖ ನೋಡಿತು. ಹತ್ತು ಸಲ ಹಾಕಿದೆ, ಹತ್ತು ಸಲವೂ ಪಂಕ್ತಿಯಲ್ಲಿ ಎಲೆ ಮುಂದೆ ಕೂತ ಹಾಗೆ ಕೂತಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನಕ್ಕರು. ನಾನು ಅವರಿಗೆ ಏನಂದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆಗೆ ಬೇರೆಯೇ ಸಂಕಟ.

“ಉಣ್ಣೋ ತಟ್ಟೇನ ಯಾರಾನಾ ಎಸೀತಾರೇನೇ? ಆ ನಾಯಿಗಿರೋ ಬುದ್ಧಿ ನಿಂಗಿಲ್ವಲ್ಲೇ. ಅನ್ನದ ತಟ್ಟೆ ಅಂತ ಅದು ಮರ್ಯಾದೆ ಕೊಟ್ಟು ಕುಂತದೆ” ಎಂದರು.

ಅತ್ತೆಯ ಬೈಗುಳವನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು. ಆದರೆ ಅವತ್ತು ಅವರು ಹೇಳಿದ್ದು ಸರಿ ಎನ್ನಿಸಿತು. ತಟ್ಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೆ. ಮುದ್ದೆಯನ್ನು ಮತ್ತೆ ಹಳೆಯ ಕಲ್ಲುಮರಿಗೆಗೆ ಹಾಕಿದೆ. ಮೂರು ದಿನ ತಟ್ಟೆಯನ್ನು ಅದರ ಕಣ್ಣಿಗೇ ಬೀಳಿಸಲಿಲ್ಲ. ನಾಲ್ಕನೆಯ ದಿನ ಕಣದಲ್ಲಿ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಟೈರು ಓಡಿಸುವ ಹಾಗೆ ಉರುಳಿಸಿಬಿಟ್ಟೆ. ಅದು ಈಗ ತಟ್ಟೆಯಲ್ಲ, ಚಕ್ರ. ನಾಯಿಯ ಎರಡೂ ಕಿವಿ ನಿಂತವು. ಬಾಣದ ಹಾಗೆ ಹೋಯಿತು. ಕಚ್ಚಿ ಹಿಡಿದು, ಹಿಡಿದಿದ್ದಕ್ಕೆ ತಾನೇ ಗಾಬರಿಯಾಗಿ ನಿಂತಿತು. ಇಷ್ಟು ದಿನ ಅಟ್ಟಿಸಿಕೊಂಡು ಹೋದ ಚಕ್ರಗಳಲ್ಲಿ ಬಾಯಿಗೆ ಸಿಕ್ಕಿದ್ದು ಇದೇ ಮೊದಲನೆಯದು, ಪಾಪ.

ಉರುಳಿಸುವುದು ಎರಡು ವಾರ ನಡೆಯಿತು. ತಂದು ಕೊಡುವುದನ್ನು ಕಲಿಯಲು ಅದಕ್ಕೆ ಒಂದು ದಿನವೂ ಬೇಕಾಗಲಿಲ್ಲ. ಕೊಟ್ಟರೆ ಮತ್ತೆ ಉರುಳುತ್ತದೆ ಎಂದು ತಿಳಿದ ಮೇಲೆ ಓಡೋಡಿ ತಂದು ಕಾಲ ಮೇಲೆ ಹಾಕುತ್ತಿತ್ತು. ಆದರೆ ಗಾಳಿಯಲ್ಲಿ ಹಾರಿಸಲು ನಾನು ಕೈ ಸ್ವಲ್ಪ ಎತ್ತಿದರೂ ಸಾಕು, ಮತ್ತೆ ಬಣವೆಯ ಹಿಂದೆ. ಉರುಳುವ ತಟ್ಟೆ ಕಣದಲ್ಲಿ ಮಾತ್ರ ಓಡುತ್ತದೆ. ಕಲ್ಲುಮಣ್ಣಿನ ರಸ್ತೆಯಲ್ಲಿ ಎರಡು ಮಾರು ಹೋಗಿ ಬೀಳುತ್ತದೆ. ಬೈಕಿನ ಎದುರು ಅದು ಯಾವ ಮೂಲೆಗೆ? ಹಾರಲೇಬೇಕು. ಸಂಕ್ರಾಂತಿಗೆ ಇನ್ನು ಮೂರು ವಾರ.

ದಾರಿ ತೋರಿಸಿದ್ದು ನಾಯಿಯೇ. ಬೆಳಿಗ್ಗೆ ಎದ್ದು ಸಗಣಿ ನೀರು ಕಲಸಿ ಅಂಗಳಕ್ಕೆ ಹಾಕುತ್ತಿದ್ದೆ. ಬಕೆಟ್ಟಿನಿಂದ ನೀರು ಮೊಗೆದು, ಸೊಂಟದ ಪಕ್ಕದಿಂದ ಕೈಯನ್ನು ಅಡ್ಡಡ್ಡ ಬೀಸಿ ಚೆಲ್ಲುವುದು. ದಿನವೂ ಮಾಡುವ ಕೆಲಸ, ಕೈ ತಾನಾಗಿಯೇ ಮಾಡುತ್ತದೆ. ನಾಯಿ ಹುಣಸೆಮರದ ಕೆಳಗೆ ಮಲಗಿ ನೋಡುತ್ತಿತ್ತು. ನನ್ನ ಕೈ ಅಷ್ಟು ಜೋರಾಗಿ ಬೀಸುತ್ತಿದ್ದರೂ ಅದು ಮಿಸುಕಲಿಲ್ಲ. ಆಕಳಿಸಿತು ಕೂಡ. ನಾನು ಬಕೆಟ್ಟಿನ ಪಕ್ಕ ಹಾಗೆಯೇ ನಿಂತುಬಿಟ್ಟೆ. ಎರಡು ವರ್ಷದಿಂದ ದಿನವೂ ನೋಡಿದ ಕೈ ಇದು. ಈ ಕೈಯಿಂದ ನೀರು ಬರುತ್ತದೆ, ಕಲ್ಲು ಬರುವುದಿಲ್ಲ ಎಂದು ಅದಕ್ಕೆ ಗೊತ್ತು.

ಅರ್ಧ ಅಂಗಳ ಒಣಗಿದ್ದ ಹಾಗೆಯೇ ಬಿಟ್ಟು, ಸಗಣಿ ಕೈಯಲ್ಲೇ ತಟ್ಟೆ ತಂದೆ, ನಾಯಿಯ ಹಗ್ಗ ಬಿಚ್ಚಿದೆ. ಸೊಂಟದ ಪಕ್ಕದಿಂದ, ನೀರು ಚೆಲ್ಲುವ ಹಾಗೆ ಬೀಸಿದೆ. ಕೊನೆಯಲ್ಲಿ ಮಣಿಕಟ್ಟು ತಾನಾಗಿ ತಿರುಗಿತು. ತಟ್ಟೆ ನೆಲದಿಂದ ಮೊಣಕಾಲೆತ್ತರದಲ್ಲಿ, ಅಲುಗಾಡದೆ, ಸೊಗಸಾಗಿ ತೇಲಿಕೊಂಡು ಹೋಗಿ ಬೇಲಿಯ ಬಳಿ ಇಳಿಯಿತು. ನಾಯಿ ಓಡಿಹೋಗಲಿಲ್ಲ. ತಟ್ಟೆ ಹೋದ ದಾರಿಯನ್ನು ನೋಡಿತು, ನನ್ನನ್ನು ನೋಡಿತು, ಎದ್ದು ಹೋಗಿ ತಂದು ಕೊಟ್ಟಿತು. ಕವಣೆಯಲ್ಲಿ ಮೆರೆದವಳು ನಾನು, ಆದರೆ ಅವತ್ತಿನ ಎಸೆತದಷ್ಟು ಹೆಮ್ಮೆ ನನಗೆ ಯಾವ ಕಲ್ಲಿನಿಂದಲೂ ಆಗಿರಲಿಲ್ಲ.

ಆಮೇಲೆ ದಿನವೂ ಡೈರಿಯಿಂದ ಬಂದು ಒಂದು ಸಲ, ಹಸುಗಳಿಗೆ ಮೇವು ಹಾಕಿ ಒಂದು ಸಲ, ಸಾಯಂಕಾಲ ಒಂದು ಸಲ. ಕುಯ್ದ ರಾಗಿ ಹೊಲದ ಕೂಳೆ ಕಾಲಿಗೆ ಚುಚ್ಚಿದರೂ ಅಲ್ಲೇ ಓಡಿಸಿದೆ. ಭುಜ ಊದಿಕೊಂಡಿತು. ಗಂಡ ನೀಲಗಿರಿ ಎಣ್ಣೆ ತಂದು ಎದುರಿಗಿಟ್ಟು ಹೋದರು. ಒಂದು ಮಧ್ಯಾಹ್ನ ಅಂಗಳದಲ್ಲಿ ನಾನು ತಟ್ಟೆ ಬೀಸಿದೆ, ಗಾಳಿಗೆ ಸ್ವಲ್ಪ ಮೇಲೆದ್ದಿತು. ನಾಯಿ ನಾಲ್ಕೂ ಕಾಲು ನೆಲ ಬಿಟ್ಟು ಹಾರಿ, ಬಾಯಿಯಲ್ಲಿ ಟಪ್ ಎಂದು ಹಿಡಿಯಿತು.

“ಹಿಡೀತು ಕಣೇ! ಗಾಳೀಲೇ ಹಿಡೀತು!” ಎಂದು ಕೂಗಿದವರು ನಮ್ಮತ್ತೆ. ಮಡಿಲಿನಲ್ಲಿದ್ದ ಅವರೆಕಾಳೆಲ್ಲ ಜಗಲಿಯ ಮೇಲೆ ಚೆಲ್ಲಿತ್ತು. ನಾನು ನೋಡುತ್ತಿರುವುದು ಕಂಡು, “ಇಷ್ಟ್ ಹೊತ್ತು ಬೇಕಾಯ್ತು ಇಬ್ರಿಗೂ” ಎಂದು ಕಾಳು ಆಯತೊಡಗಿದರು.

ಆದರೂ ಚಕ್ರದ ಚಟ ಬಿಟ್ಟಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಪರೀಕ್ಷೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಪರೀಕ್ಷೆಯೇ ಬಂತು. ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಮಂಜು ಕವಿದ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಯ ಹತ್ತಿರ ಬಂದಿದ್ದೆ, ಗಂಡ ಮುಂದೆ ಹೋಗಿ ಸಾಲಿನಲ್ಲಿ ನಿಂತಿದ್ದರು. ತಿರುಗಿ ನೋಡಿದರೆ ನಾಯಿ ಹಿಂದೆಯೇ ಇದೆ, ಕೊರಳಲ್ಲಿ ಹರಿದ ಹಗ್ಗದ ತುಂಡು. ಗದರಿಸಿ ಕಳುಹಿಸಬೇಕು ಎನ್ನುವಷ್ಟರಲ್ಲಿ ಮನೆಯ ಕಡೆಯಿಂದ ಸ್ಕೂಟರಿನ ಸದ್ದು. ಮೇಲುಬೀದಿಯವಳು. ಎರಡು ತಿಂಗಳ ಮೇಲೆ, ಅವತ್ತು, ಮೊದಲ ಸಲ ಮತ್ತೆ ಸ್ಕೂಟರ್ ಹತ್ತಿ ಬಂದಿದ್ದಳು.

ನಾಯಿಯನ್ನು ಕಂಡು ಅವಳ ಹ್ಯಾಂಡಲ್ಲು ಅಲುಗಿತು. ಎರಡೂ ಕಾಲನ್ನು ಕೆಳಗೆ ಚಾಚಿದಳು. ನಾಯಿ ಮೈ ಬಿಗಿಹಿಡಿದು ಚಕ್ರವನ್ನೇ ನೋಡಿತು. ಒಂದು ಹೆಜ್ಜೆ ಇಟ್ಟಿತು. ತಟ್ಟೆ ಮನೆಯಲ್ಲಿತ್ತು, ತುಳಸಿಕಟ್ಟೆಯ ಮೇಲೆ. ಕಲ್ಲು ಕಾಲ ಬಳಿಯೇ ಇತ್ತು. ಹಳೆಯ ಕೈ ಬಗ್ಗಲು ಹೊರಟಿತ್ತು, ಸುಳ್ಳು ಹೇಳುವುದಿಲ್ಲ.

ಕ್ಯಾನನ್ನು ನೆಲಕ್ಕಿಟ್ಟೆ. ಬರಿಗೈಯನ್ನು ಸೊಂಟದ ಪಕ್ಕದಿಂದ, ಅಂಗಳಕ್ಕೆ ನೀರು ಹಾಕುವ ಹಾಗೆ, ಹೊಲದ ಕಡೆಗೆ ಬೀಸಿದೆ. “ಲೇ!” ಎಂದೆ.

ನಾಯಿ ರಸ್ತೆಯ ಮಧ್ಯದಲ್ಲೇ ತಿರುಗಿತು. ಚಕ್ರವನ್ನು ಬಿಟ್ಟು, ಕಾಲುವೆ ಹಾರಿ, ಹೊಲಕ್ಕೆ ನುಗ್ಗಿತು. ಸ್ಕೂಟರ್ ಮೆಲ್ಲಗೆ ನನ್ನ ಪಕ್ಕದಲ್ಲೇ ಹೋಯಿತು. ಒಂದು ತೊಟ್ಟು ಹಾಲೂ ಚೆಲ್ಲಲಿಲ್ಲ. ಹೊಲದ ನಡುವೆ ನಾಯಿ ತಲೆಯೆತ್ತಿ ಮಂಜಿನಲ್ಲಿ ತಟ್ಟೆಯನ್ನು ಹುಡುಕುತ್ತಿತ್ತು. ಅತ್ತ ಇತ್ತ ಸುತ್ತಿ, ಕೊನೆಗೆ ನನ್ನ ಕಡೆ ನೋಡಿತು. ಮೋಸ ಮಾಡಿದೆ ಎಂದು ಅದಕ್ಕೆ ಗೊತ್ತಾಗಿತ್ತು. ನಾನು ನಡುರಸ್ತೆಯಲ್ಲಿ ಕೂತು ನಕ್ಕೆ, ಕಣ್ಣೊರೆಸಿಕೊಂಡೆ, ಮತ್ತೆ ನಕ್ಕೆ. ಮನೆಗೆ ಹೋಗಿ ಅದಕ್ಕೆ ಸಾಲ ತೀರಿಸುವವಳಂತೆ ಇಪ್ಪತ್ತು ಸಲ ತಟ್ಟೆ ಎಸೆದೆ.

ಡೈರಿಯ ಸಾಲಿನಲ್ಲಿದ್ದವರೆಲ್ಲ ನೋಡಿದ್ದರು. ಗಂಡ ಮನೆಗೆ ಬಂದು ಖಾಲಿ ಕ್ಯಾನು ಕವುಚಿಟ್ಟು, “ಟೆಂಪೋದವನಿಗೆ ಬೇಡ ಅಂತ ಹೇಳ್ಬಿಟ್ ಬಂದೆ” ಎಂದರು. ಆಮೇಲೆ ಹುಣಸೆಮರದ ಹತ್ತಿರ ಹೋಗಿ, ಹರಿದ ಹಗ್ಗವನ್ನು ಬಿಚ್ಚಿ ಸುತ್ತಿ ಅಟ್ಟಕ್ಕೆ ಎಸೆದರು.

ಸಂಕ್ರಾಂತಿಯ ಸಾಯಂಕಾಲ, ಇನ್ನೂ ಬಿಸಿಲಿರುವಾಗಲೇ, ಮೇಲುಬೀದಿಯವಳು ಎಳ್ಳುಬೆಲ್ಲದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ನಡೆದುಕೊಂಡಲ್ಲ, ಸ್ಕೂಟರಿನಲ್ಲಿ. ಅತ್ತೆಗೆ ಎಳ್ಳು ಕೊಟ್ಟಳು, ನನಗೆ ಕೊಟ್ಟಳು. ನಾಯಿ ತಟ್ಟೆಯನ್ನು ಕಚ್ಚಿಕೊಂಡು ಬಂದು ನಮ್ಮಿಬ್ಬರ ನಡುವೆ ಹಾಕಿತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು.

“ನಾನೂ ಒಂದ್ಸಲ ಎಸೀಲಾ?” ಎಂದಳು.

ಹೇಗೆ ಎಸೆಯಬೇಕು ಎಂದು ನಾನು ಹೇಳುವಷ್ಟರಲ್ಲಿ ಅವಳು ತಟ್ಟೆ ಎತ್ತಿಕೊಂಡು ಅಂಗಳಕ್ಕಿಳಿದಿದ್ದಳು. ನಮ್ಮ ಕಡೆಯವರೆಲ್ಲ ಎತ್ತುವ ಹಾಗೆಯೇ, ಕೈಯನ್ನು ತಲೆಯ ಮೇಲಕ್ಕೆ, ಪೂರ್ತಿ ಮೇಲಕ್ಕೆ ಎತ್ತಿದಳು. ನೀರು ಹಾಕುವ ಎಸೆತ ಶುರುವಾದ ಮೇಲೆ ನಾನು ಒಮ್ಮೆಯೂ ಹಾಗೆ ಕೈ ಎತ್ತಿರಲಿಲ್ಲ. ತಡೆಯಲೆಂದು ಜಗಲಿಯಿಂದ ಒಂದು ಹೆಜ್ಜೆ ಇಳಿದೆ.

ನಾಯಿ ಬಣವೆಯ ಕಡೆ ನೋಡಲೂ ಇಲ್ಲ. ಹರಿದ ಕಿವಿಯೂ ಸೇರಿ ಎರಡೂ ಕಿವಿ ನೆಟ್ಟಗೆ ನಿಲ್ಲಿಸಿ, ಅವಳ ಎತ್ತಿದ ಕೈಯನ್ನೇ ನೋಡುತ್ತಾ, ಬಾಲ ಆಡಿಸುತ್ತಾ ನಿಂತಿತ್ತು. ಅವಳೂ ಕೈ ಎತ್ತಿಕೊಂಡು ಹಾಗೇ ನಿಂತಿದ್ದಳು, ಎಸೆಯುವುದೋ ಬೇಡವೋ ಎಂಬ ಹಾಗೆ.

ಜಗಲಿಯ ಮೇಲಿಂದ ನಮ್ಮತ್ತೆ ಎಳ್ಳು ಅಗಿಯುವುದನ್ನು ನಿಲ್ಲಿಸಿ, “ಎಸಿಯಮ್ಮ, ಎಷ್ಟೊತ್ತು ಹಂಗೇ ನಿಂತಿರ್ತೀಯ? ನಮ್ಮ ನಾಯಿ ಕಾಯ್ತಾ ಐತೆ” ಎಂದರು.